‘ಓಣ’ ಎಂಬ ಪ್ರತ್ಯಯದ ಕಾಟ

ಕನ್ನಡದಲ್ಲಿ ಅತ್ಯಂತ ಅಪಾಯಕಾರಿ ಪ್ರತ್ಯಯ ಯಾವುದು ಎಂದು ಯಾರಾದರೂ ಕೇಳಿದರೆ ಕಣ್ಣು ಮುಚ್ಚಿಕೊಂಡು ‘ಓಣ’ ಎನ್ನುತ್ತೇನೆ. ಮಾಡೋಣ, ನೋಡೋಣ, ಕಳಿಸೋಣ. ಕೇಳುವುದಕ್ಕೆ ಎಷ್ಟು ಹಿತ! ಎಲ್ಲರೂ ಹೆಗಲು ಕೊಟ್ಟು ನಿಂತಂತೆ ಕಾಣುತ್ತದೆ. ಹತ್ತಿರ ಹೋದರೆ ಹೆಗಲೂ ಇಲ್ಲ, ಕೊಟ್ಟವರೂ ಇಲ್ಲ.

ನನ್ನನ್ನೂ ಸೇರಿಸಿ ಆರು ಜನರಿದ್ದ ತಂಡಕ್ಕೆ ಮುಖ್ಯಸ್ಥನಾದ ಮೊದಲ ವಾರದಲ್ಲೇ ಇದರ ಬಿಸಿ ತಟ್ಟಿತು. ಗುರುವಾರ ಹನ್ನೊಂದು ಗಂಟೆಗೆ ಗ್ರಾಹಕರಿಗೆ ನಮ್ಮ ಕೆಲಸದ ವಿವರ ಕೊಡಬೇಕಿತ್ತು. ಸೋಮವಾರದ ಸಭೆಯಲ್ಲಿ ನಾನು ಉದಾರವಾಗಿ ‘ಎಲ್ಲರೂ ಸೇರಿ ಮಾಡೋಣ’ ಎಂದೆ. ಎಲ್ಲರೂ ತಲೆಯಾಡಿಸಿದರು. ಹೊರಡುವಾಗ ಸಭಾಕೋಣೆಯ ಬಾಗಿಲಿನ ಹಿಡಿ ಕಳಚಿ ನನ್ನ ಕೈಗೇ ಬಂತು. ‘ಇದನ್ನೂ ಸರಿ ಮಾಡಿಸೋಣ’ ಎಂದು ಹೇಳಿ, ಅದನ್ನು ಮೇಜಿನ ಮೇಲಿಟ್ಟು ಬಂದೆ.

ಗುರುವಾರ ಬೆಳಿಗ್ಗೆ ಮೂರು ಕಡತಗಳು ಬಂದು ಕೂತಿದ್ದವು: ‘ಅಂತಿಮ’, ‘ಅಂತಿಮ ಹೊಸದು’, ‘ಇದೇ ಅಂತಿಮ’. ಮೂವರು ಒಬ್ಬರಿಗೊಬ್ಬರು ತಿಳಿಯದೆ ರಾತ್ರಿಯಿಡೀ ನಿದ್ದೆಗೆಟ್ಟು ಒಂದೇ ಕೆಲಸ ಮಾಡಿದ್ದರು. ಉಳಿದಿಬ್ಬರು, ಯಾರಾದರೂ ಮಾಡುತ್ತಿರುತ್ತಾರೆ ಬಿಡು ಎಂದು ನೆಮ್ಮದಿಯಾಗಿ ಮಲಗಿದ್ದರು. ಗ್ರಾಹಕರಿಗೆ ಸಮಯ ತಿಳಿಸುವ ಪತ್ರವನ್ನು ಮಾತ್ರ ಯಾರೂ ಕಳಿಸಿರಲಿಲ್ಲ. ಹನ್ನೊಂದು ಗಂಟೆಗೆ ನಮ್ಮ ವಿವರವನ್ನು ನಮಗೆ ನಾವೇ ಕೊಟ್ಟುಕೊಂಡೆವು. ಚೆನ್ನಾಗಿತ್ತು ಎಂದು ಒಬ್ಬರನ್ನೊಬ್ಬರು ಹೊಗಳಿಕೊಂಡೆವು.

ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತದೆ ಎಂಬುದನ್ನು ಮ್ಯಾಕ್ಸ್ ರಿಂಗಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ, ಅಳೆದು, 1913ರಲ್ಲಿ ಪ್ರಕಟಿಸಿದ್ದ. ಅವನ ಅದೃಷ್ಟ ದೊಡ್ಡದು. ಅವನ ಜನ ಒಂದೇ ಹಗ್ಗವನ್ನಾದರೂ ಹಿಡಿದಿದ್ದರು.

ನಮ್ಮಲ್ಲಿ ಅಳತೆಗೋಲೂ ಬೇರೆಬೇರೆ. ‘ಸಂಜೆಯೊಳಗೆ ಕೊಡಿ’ ಎಂದರೆ ನನ್ನ ಪಾಲಿಗೆ ಐದು ಗಂಟೆ. ಒಬ್ಬನಿಗೆ ಅದು ಮಲಗುವ ತನಕ. ಇನ್ನೊಬ್ಬಾಕೆ ‘ಯಾವ ಸಂಜೆ ಎಂದು ನೀವು ಹೇಳಲಿಲ್ಲವಲ್ಲ ಸರ್’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ‘ವರದಿಯನ್ನು ಒಂದು ಸಲ ನೋಡಿ’ ಎಂದರೆ ತಿದ್ದಿ ಎಂದು ನನ್ನ ಅರ್ಥ. ಅವರು ನಿಜಕ್ಕೂ ಒಂದು ಸಲ ನೋಡಿದ್ದರು. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಂಗಳ ನೌಕೆಯೊಂದು ಹಾಳಾದದ್ದೂ ಹೀಗೆಯೇ: ಒಂದು ತಂಡದ ತಂತ್ರಾಂಶ ಬಲವನ್ನು ಪೌಂಡ್ ಲೆಕ್ಕದಲ್ಲಿ ಅಳೆದು ಕೊಟ್ಟ ಅಂಕಿಗಳನ್ನು ಇನ್ನೊಂದು ತಂಡ ನ್ಯೂಟನ್ ಎಂಬ ಬೇರೆ ಮಾನದ ಲೆಕ್ಕವೆಂದೇ ತಿಳಿದು ಬಳಸಿತು. ಇದನ್ನು ಓದಿದ ದಿನ ನನಗೆ ಅಪಾರ ಸಮಾಧಾನವಾಯಿತು. ನಮ್ಮಿಂದ ಈವರೆಗೆ ಯಾವ ಗ್ರಹಕ್ಕೂ ತೊಂದರೆಯಾಗಿಲ್ಲ.

ಆಮೇಲೆ ಪಂಡಿತರು ಹೇಳುವ ‘ರೇಸಿ’ ಪಟ್ಟಿಯ ಮೊರೆಹೋದೆ. ಪ್ರತಿ ಕೆಲಸದ ಮುಂದೆ ಮಾಡುವವರು, ಹೊಣೆ ಹೊರುವವರು, ಸಲಹೆ ಕೊಡುವವರು, ಸುದ್ದಿ ತಿಳಿಯಬೇಕಾದವರು ಎಂದು ನಾಲ್ಕು ಬಗೆ. ಒಂದು ಕೆಲಸಕ್ಕೆ ಹೊಣೆಗಾರರು ಒಬ್ಬರೇ ಇರಬೇಕು ಎಂಬುದು ಅದರ ಜೀವಾಳ. ಖಾಲಿ ಪಟ್ಟಿ ಹಂಚಿ, ನಿಮಗೆ ಒಪ್ಪುವ ಜಾಗದಲ್ಲಿ ಹೆಸರು ಬರೆಯಿರಿ ಎಂದೆ. ಪ್ರಜಾಪ್ರಭುತ್ವದ ಮೇಲೆ ಆಗ ನನಗೆ ಇನ್ನೂ ನಂಬಿಕೆಯಿತ್ತು. ಪಟ್ಟಿ ಮರಳಿ ಬಂದಾಗ ಹನ್ನೆರಡು ಕೆಲಸಗಳಿಗೆ ಅರವತ್ತು ಸಲಹೆಗಾರರಿದ್ದರು.

ಕೆಲಸ ಹಂಚಲು ಬಾರದಿದ್ದರೆ ಬೇಡ, ಸಮಯಕ್ಕಾದರೂ ಬೇಲಿ ಹಾಕಬೇಕು ಎನಿಸಿತು. ಆ ಹಗ್ಗದವನ ದೇಶದಲ್ಲೇ ಕೆಲಸದ ವೇಳೆಯ ನಂತರ ಕಚೇರಿಯ ಸಂಪರ್ಕ ಕಡಿದುಕೊಳ್ಳುವ ಹಕ್ಕು 2017ರಿಂದ ಕಾನೂನಿನಲ್ಲಿದೆ. ನಮ್ಮಲ್ಲೂ ಸಂಜೆ ಏಳರ ಮೇಲೆ ಯಾರೂ ಯಾರಿಗೂ ಸಂದೇಶ ಕಳಿಸುವಂತಿಲ್ಲ ಎಂದು ಘೋಷಿಸಿದೆ. ಚಪ್ಪಾಳೆ ಬಿತ್ತು. ಅದೇ ರಾತ್ರಿ ಹತ್ತೂ ನಲವತ್ತಕ್ಕೆ ನನಗೊಂದು ಅದ್ಭುತ ವಿಚಾರ ಹೊಳೆಯಿತು. ಮರೆತರೆ ಎಂಬ ಭಯಕ್ಕೆ ಎಲ್ಲರಿಗೂ ಬರೆದು, ಕೊನೆಗೆ ‘ತುರ್ತೇನಿಲ್ಲ, ನಾಳೆ ನೋಡಿದರೆ ಸಾಕು’ ಎಂದು ಸೇರಿಸಿದೆ. ನಾಲ್ಕೇ ನಿಮಿಷದಲ್ಲಿ ಮೂರು ಉತ್ತರಗಳು. ಒಬ್ಬ ಆಗಲೇ ಕೆಲಸ ಶುರು ಮಾಡಿದ್ದ. ಒಬ್ಬಳು ಹೆಬ್ಬೆರಳು ತೋರಿಸಿದ್ದಳು. ಮೂರನೆಯವನು ಬಹಳ ವಿನಯದಿಂದ ಕೇಳಿದ್ದ: ‘ಸರ್, ಏಳು ಗಂಟೆಯ ನಿಯಮ ಇಂದಿನಿಂದಲೋ, ನಾಳೆಯಿಂದಲೋ?’

ಕೊನೆಗೆ ರೋಗದ ಬೇರಿಗೇ ಕೈ ಹಾಕಿದೆ. ಇನ್ನು ಮುಂದೆ ಈ ಕೋಣೆಯಲ್ಲಿ ‘ಓಣ’ ನಿಷಿದ್ಧ ಎಂದೆ. ‘ಮಾಡುತ್ತೇನೆ’ ಎನ್ನಬೇಕು, ಇಲ್ಲವೇ ‘ಆಗುವುದಿಲ್ಲ’ ಎನ್ನಬೇಕು. ಎಲ್ಲರೂ ಗಂಭೀರವಾಗಿ ಬರೆದುಕೊಂಡರು. ಮರುದಿನ ಸಭೆಯ ನಡಾವಳಿ ಕೈಸೇರಿತು. ಒಂದೇ ಒಂದು ‘ಓಣ’ ಇಲ್ಲ! ಹಿಗ್ಗಿನಿಂದ ಓದತೊಡಗಿದೆ. ‘ವರದಿಯನ್ನು ಪರಿಶೀಲಿಸಲಾಗುವುದು. ಗ್ರಾಹಕರನ್ನು ಸಂಪರ್ಕಿಸಲಾಗುವುದು. ಬಾಗಿಲಿನ ಹಿಡಿಯನ್ನು ಸರಿಪಡಿಸಲಾಗುವುದು.’

ಹಿಡಿ ಇನ್ನೂ ಮೇಜಿನ ಮೇಲೆಯೇ ಇದೆ. ಕಾಗದಗಳು ಹಾರದಂತೆ ಅದನ್ನು ಅವುಗಳ ಮೇಲೆ ಇಡುತ್ತೇವೆ. ಒಳಗೆ ಹೋಗಲು ನಾನು ಬಾಗಿಲನ್ನು ಭುಜದಿಂದ ತಳ್ಳುತ್ತೇನೆ. ಹೊರಗೆ ಬರಬೇಕಾದಾಗ ಒಳಗಿನಿಂದ ಬಡಿಯುತ್ತೇನೆ, ಯಾರಾದರೂ ತೆರೆಯುತ್ತಾರೆ ಎಂದು.