ಹೊತ್ತು ಅವರದು, ಮಾತು ನಮ್ಮದು

ಕೇರಳದ ಕೊಟ್ಟಾಯಂ ಕಡೆಯ ಹಳೆಯ ಸಿರಿಯನ್ ಕ್ರೈಸ್ತ ಮನೆಗಳಲ್ಲಿ ಸಂಜೆ ಅಂದರೆ ಪ್ರಾರ್ಥನೆಯ ಹೊತ್ತು. ಕತ್ತಲಾಗುತ್ತಿದ್ದಂತೆ ಟೀವಿ ಬಂದ್ ಆಗುತ್ತದೆ. ಆಟಕ್ಕೆ ಹೋದ ಮಕ್ಕಳು ಮನೆಗೆ ಬಂದು ಕೈಕಾಲು ತೊಳೆಯುತ್ತಾರೆ. ಯೇಸುವಿನ ಪಟದ ಮುಂದೆ ದೀಪ ಹಚ್ಚಿ ಚಾಪೆ ಹಾಸುತ್ತಾರೆ. ಅಜ್ಜಿಯಿಂದ ಹಿಡಿದು ಅಂಗನವಾಡಿಗೆ ಹೋಗುವ ಮಗುವಿನವರೆಗೆ ಎಲ್ಲರೂ ಅಲ್ಲಿರಬೇಕು. ಕ್ಯಾಥೊಲಿಕ್ ಮನೆಯಾದರೆ ಜಪಮಾಲೆ, ಆರ್ಥಡಾಕ್ಸ್ ಮನೆಯಾದರೆ ಸಂಜೆಯ ನಮಸ್ಕಾರ. ಎಷ್ಟೋ ಕ್ಯಾಥೊಲಿಕ್ ಮನೆಗಳಲ್ಲಿ, ಎಲ್ಲ ಮುಗಿದ ಮೇಲೆ ಚಿಕ್ಕವರು ದೊಡ್ಡವರ ಹತ್ತಿರ ಹೋಗಿ ಒಬ್ಬೊಬ್ಬರಿಗೂ ‘ಯೇಸುಕ್ರಿಸ್ತನಿಗೆ ಸ್ತುತಿಯಾಗಲಿ’ ಎಂದು ಹೇಳುತ್ತಾರೆ. ಆಮೇಲೆಯೇ ಊಟ.

ನಾವು ಧಾರವಾಡದವರು. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ ಕಾಲದಿಂದ ಬಂದ ಮನೆತನ, ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ನನ್ನವರ ಕೆಲಸದಿಂದಾಗಿ ಇಲ್ಲಿಗೆ ಬಂದು ನೆಲೆಸಿದೆವು. ಮಗಳೂ ಮಗನೂ ಇಲ್ಲೇ ಬೆಳೆಯುತ್ತಿದ್ದಾರೆ. ಭಾನುವಾರ ಹೋಗುವ ಚರ್ಚಿನಲ್ಲಿ ಆರಾಧನೆ ಮಲಯಾಳದಲ್ಲಿ, ಶಾಲೆಯಲ್ಲಿ ಗೆಳೆಯರ ಜೊತೆ ಮಾತು ಮಲಯಾಳದಲ್ಲಿ. ಹೀಗಾಗಿ ಮಕ್ಕಳಿಗೆ ದೇವರ ವಿಷಯ ಕನ್ನಡದಲ್ಲಿ ಸಿಗುವುದು ಮನೆಯಲ್ಲಿ ಮಾತ್ರ. ಮನೆಯಲ್ಲಿ ಅಂದರೆ, ಬಹುಪಾಲು, ನನ್ನಿಂದ. ಹಾಗಾಗಿ ಈ ವಿಷಯ ನನಗೆ ಸುಮ್ನೆ ಮಾತನಾಡಿ ಬಿಡುವಂಥದ್ದಲ್ಲ.

ಇಲ್ಲಿನವರನ್ನೂ ನಮ್ಮವರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನಿಸಿದ್ದು ಇಷ್ಟು. ಪ್ರಾರ್ಥನೆಯ ಹೊತ್ತನ್ನು ಕಾಪಾಡುವುದು ಇವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮಗುವಿನ ಬಾಯಿಂದ ಅದರದೇ ಮಾತು ಹೊರಡಿಸುವುದು ನಮಗೆ ಇವರಿಗಿಂತ ಚೆನ್ನಾಗಿ ಗೊತ್ತು. ಒಂದು ಮನೆಗೆ ಎರಡೂ ಬೇಕು.

ಮೊದಲು ಹೊತ್ತಿನ ವಿಷಯ. ಇಲ್ಲಿಗೆ ಹತ್ತಿರದ ಮಾನ್ನಾನದಲ್ಲಿ ಸಂತ ಕುರಿಯಾಕೋಸ್ ಏಲಿಯಾಸ್ ಚಾವರ ಅವರ ಸಮಾಧಿ ಇದೆ. 1805ರಲ್ಲಿ ಹುಟ್ಟಿ 1871ರಲ್ಲಿ ತೀರಿಕೊಂಡ ಪಾದ್ರಿ. 2014ರಲ್ಲಿ ಸಂತ ಪದವಿ ಸಿಕ್ಕಿತು. ಅವರು 1868ರಲ್ಲಿ ತಮ್ಮ ಹುಟ್ಟೂರು ಕೈನಕರಿಯ ಮನೆಗಳಿಗೆ ಒಂದು ಉದ್ದದ ಪತ್ರ ಬರೆದರು. ಸಾಲ ಮಾಡುವುದು, ನೆರೆಹೊರೆ, ಮನೆಗೆಲಸ, ಮಕ್ಕಳನ್ನು ಬೆಳೆಸುವುದು, ಎಲ್ಲವೂ ಅದರಲ್ಲಿದೆ. ಮನೆಗೆ ಎಂಥ ದೊಡ್ಡ ಅತಿಥಿ ಬಂದರೂ ಪ್ರಾರ್ಥನೆಯ ಹೊತ್ತು ಬದಲಿಸಬೇಡಿ ಎನ್ನುವುದು ಅದರಲ್ಲಿನ ಒಂದು ಮಾತು. ಇವತ್ತಿಗೂ ಇಲ್ಲಿ ಅದು ನಡೆಯುತ್ತದೆ. ಕೆಳಗಿನ ಮನೆಗೆ ಸಂಜೆ ಏನೋ ಕೇಳಲು ಹೋದರೆ ಪ್ರಾರ್ಥನೆ ನಿಲ್ಲುವುದಿಲ್ಲ. ಒಂದು ಚಾಪೆಯ ತುದಿ ನನ್ನ ಕಡೆ ಬಿಡಿಸುತ್ತಾರೆ, ಅಷ್ಟೇ. ಇದರಿಂದ ಮಗುವಿಗೆ ಆಗುವ ಲಾಭ ದೊಡ್ಡದು. ದೇವರಿಗೆ ಕೊಟ್ಟ ಸಮಯ ಅಮ್ಮನ ಮೂಡಿನ ಮೇಲೆ, ಅಪ್ಪನ ಆಫೀಸಿನ ಮೇಲೆ, ಕ್ರಿಕೆಟ್ ಮ್ಯಾಚಿನ ಮೇಲೆ ನಿಂತಿಲ್ಲ ಎನ್ನುವುದು ಅದಕ್ಕೆ ಯಾರೂ ಹೇಳದೆ ತಿಳಿಯುತ್ತದೆ.

ನಮ್ಮ ಕಡೆ ಮನೆಪ್ರಾರ್ಥನೆ ಇಲ್ಲ ಅಂತಲ್ಲ. ಇದೆ, ಆದರೆ ಹೊತ್ತು ಗಟ್ಟಿಯಿಲ್ಲ. ಪರೀಕ್ಷೆ ಬಂದರೆ ಚಿಕ್ಕದಾಗುತ್ತದೆ, ನೆಂಟರು ಬಂದರೆ ನಾಳೆಗೆ ಹೋಗುತ್ತದೆ. ನನ್ನ ಅಜ್ಜಿಯ ಕಾಲದಲ್ಲಿ ಹೀಗಿರಲಿಲ್ಲ ಎಂದು ಅಮ್ಮ ಹೇಳುತ್ತಾರೆ. ಬೆಳಿಗ್ಗೆ ಚಹಾಕ್ಕೆ ಮೊದಲು ಬೈಬಲ್, ರಾತ್ರಿ ಊಟಕ್ಕೆ ಮೊದಲು ಹಾಡು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಹಳೆಯ ಮನೆಗಳಲ್ಲಿ ಇದು ತಪ್ಪುತ್ತಿರಲಿಲ್ಲವಂತೆ.

ಆದರೆ ಆ ಪ್ರಾರ್ಥನೆಯೊಳಗೆ ಏನಿತ್ತು ಎನ್ನುವುದು ನನಗೆ ಮುಖ್ಯ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, ಕೆಲವೇ ವರ್ಷಗಳಲ್ಲಿ ಧಾರವಾಡದ ಕಡೆಗೂ ಬಂದರು. ಪ್ರತಿಯೊಬ್ಬರೂ ಬೈಬಲನ್ನು ತಾವೇ ಓದಬೇಕು, ಹೆಣ್ಣುಮಕ್ಕಳೂ ಓದಬೇಕು ಎನ್ನುವುದು ಅವರ ಹಟ. ಶಾಲೆಗಳೂ ಮಂಗಳೂರಿನ ಮುದ್ರಣಾಲಯವೂ ಹುಟ್ಟಿದ್ದರ ಹಿಂದೆ ಆ ಹಟ ಇದೆ. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾಗಿದ್ದೂ ಅಲ್ಲೇ. ಅದೇ ಹಟ ನಮ್ಮ ಮನೆಗಳೊಳಗೂ ಬಂತು. ನಮ್ಮಲ್ಲಿ ಒಬ್ಬರು ಓದಿ ಉಳಿದವರು ಕೇಳುವುದಿಲ್ಲ. ಎಲ್ಲರೂ ಸುತ್ತ ಕೂತು ಒಬ್ಬೊಬ್ಬರು ಬೈಬಲಿನ ಒಂದೊಂದು ವಚನ ಓದುತ್ತಾರೆ. ಅಕ್ಷರ ಕೂಡಿಸಿ ಓದುವ ಮಗುವಿಗೂ ಸರದಿ ಬರುತ್ತದೆ, ಎಲ್ಲರೂ ಕಾಯುತ್ತಾರೆ. ಆಮೇಲೆ ಪ್ರಾರ್ಥನೆಯಲ್ಲೂ ಸರದಿ. ಮಗು ತನ್ನ ಮಾತಿನಲ್ಲೇ ಹೇಳಬೇಕು. ಕಳೆದುಹೋದ ಪೆನ್ಸಿಲ್, ಜ್ವರ ಬಂದ ಗೆಳತಿ, ಮರಿ ಹಾಕಿದ ಬೆಕ್ಕು, ಏನಾದರೂ ಸರಿ. ದೊಡ್ಡವರು ತಿದ್ದುವುದಿಲ್ಲ, ಕೊನೆಗೆ ಆಮೆನ್ ಎನ್ನುತ್ತಾರೆ.

ಇದರ ಬೆಲೆ ನನಗೆ ಜಾಸ್ತಿ ತಿಳಿದದ್ದು ಹೊರನಾಡಿಗೆ ಬಂದ ಮೇಲೆಯೇ. ನನ್ನ ಮಗಳು ಕನ್ನಡ ಓದಲು ಕಲಿತದ್ದು ಈ ಸರದಿಯಲ್ಲಿ. ಶಾಲೆಯಲ್ಲಿ ಕನ್ನಡ ಇಲ್ಲ. ದಿನಕ್ಕೆ ಒಂದು ವಚನ, ಬೆರಳಿಟ್ಟು ಓದುವುದು. ಮಾರ್ಕನ ಸುವಾರ್ತೆಯಿಂದ ಶುರು ಮಾಡಿದೆವು. ಅದು ಚಿಕ್ಕದು, ಕತೆ ಬೇಗ ಓಡುತ್ತದೆ. ಒತ್ತಕ್ಷರ ಬಂದಾಗ ಮಗಳು ನಿಲ್ಲುತ್ತಿದ್ದಳು, ನಾವೂ ನಿಲ್ಲುತ್ತಿದ್ದೆವು. ಈಗ ತಮ್ಮನನ್ನು ಅವಳೇ ತಿದ್ದುತ್ತಾಳೆ. ಹೊರನಾಡಿನ ಕ್ರೈಸ್ತ ತಾಯಂದಿರಿಗೆ ನಾನು ಹೇಳುವುದಿದ್ದರೆ ಇದನ್ನೇ: ಕನ್ನಡ ಬೈಬಲನ್ನು ಕಪಾಟಿನಲ್ಲಿ ಇಡಬೇಡಿ, ಮಗುವಿನ ಕೈಗೆ ಕೊಡಿ. ನಂಬಿಕೆಯೂ ಭಾಷೆಯೂ ಒಟ್ಟಿಗೇ ಒಳಗೆ ಹೋಗುತ್ತವೆ.

ಹಾಗಂತ ಬಾಯಿಪಾಠದ ಪ್ರಾರ್ಥನೆಯನ್ನು ಕೀಳು ಮಾಡುವುದು ತಪ್ಪು. ನಮ್ಮ ಪ್ರಾಟೆಸ್ಟೆಂಟರಲ್ಲಿ ಆ ಚಾಳಿ ಇದೆ. ಕೆಳಗಿನ ಮನೆಯ ಅಮ್ಮಚ್ಚಿ ಕೊನೆಯ ದಿನಗಳಲ್ಲಿ ತಮ್ಮ ಮಕ್ಕಳನ್ನೇ ಗುರುತು ಹಿಡಿಯುತ್ತಿರಲಿಲ್ಲ. ಜಪಮಾಲೆ ಶುರುವಾದರೆ ಮಾತ್ರ ಅವರ ತುಟಿಯೂ ಅಲ್ಲಾಡುತ್ತಿತ್ತು, ಒಂದು ಮಾತೂ ತಪ್ಪದೆ. ಸಾವು ನೋವು ಬಂದಾಗ ಸ್ವಂತ ಮಾತು ಎಲ್ಲಿಂದ ಬರಬೇಕು ಹೇಳಿ? ಆಗ ಕೈಹಿಡಿಯುವುದು ಚಿಕ್ಕಂದಿನಲ್ಲಿ ಕಲಿತ ಬೈಬಲಿನ 23ನೆಯ ಕೀರ್ತನೆ, ಕರ್ತನ ಪ್ರಾರ್ಥನೆ. ಹಾಗಾಗಿ ನಮ್ಮ ಮನೆಯಲ್ಲಿ ಈಗ ಎರಡೂ ಇವೆ. ಮೊದಲು ಎಲ್ಲರೂ ಕೂಡಿ ಕಲಿತದ್ದು, ಆಮೇಲೆ ಒಬ್ಬೊಬ್ಬರೂ ತಮ್ಮದು.

ಅಡುಗೆಮನೆಗೆ ಬಂದರೆ, ಇಲ್ಲಿನವರಿಂದ ಕಲಿಯುವುದು ಇನ್ನೂ ಇದೆ. ಶುಭ ಶುಕ್ರವಾರದ ಹಿಂದಿನ ದಿನ, ಪೆಸಹಾ ಗುರುವಾರ, ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಹುಳಿಯಿಲ್ಲದ ಅಪ್ಪ (ರೊಟ್ಟಿಯಂಥದ್ದು) ಮಾಡುತ್ತಾರೆ. ಅಕ್ಕಿಹಿಟ್ಟು, ಉದ್ದು, ತೆಂಗಿನಕಾಯಿ. ಗರಿಗಳ ಭಾನುವಾರ ಚರ್ಚಿನಿಂದ ತಂದ ಎಳೆ ತೆಂಗಿನ ಗರಿಯಲ್ಲಿ ಶಿಲುಬೆ ಮಾಡಿ ಅದರ ಮೇಲೆ ಇಟ್ಟು ಬೇಯಿಸುತ್ತಾರೆ. ಜೊತೆಗೆ ತೆಂಗಿನ ಹಾಲಿಗೆ ಬೆಲ್ಲ ಹಾಕಿ ಕಾಯಿಸಿದ ‘ಪಾಲ್’ (ಮಲಯಾಳದಲ್ಲಿ ಹಾಲು). ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಮನೆಯ ಹಿರಿಯ ಗಂಡಸು ಆ ಅಪ್ಪವನ್ನು ಕತ್ತರಿಸಿ ವಯಸ್ಸಿನ ಪ್ರಕಾರ ಒಬ್ಬೊಬ್ಬರಿಗೂ ಕೊಡುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಮಾಡುವುದಿಲ್ಲ. ನೆರೆಯವರೋ ನೆಂಟರೋ ತಂದುಕೊಡುತ್ತಾರೆ. ಯೇಸುವಿನ ಕೊನೆಯ ಭೋಜನವನ್ನು ಮಗು ಚರ್ಚಿನಲ್ಲಿ ಕೇಳುವುದಷ್ಟೇ ಅಲ್ಲ, ತನ್ನ ಮನೆಯ ನೆಲದ ಮೇಲೆ ಕೂತು ಉಣ್ಣುತ್ತದೆ. ಬೈಬಲಿನ ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿ ಯೆಹೂದ್ಯರ ಪಸ್ಕ ಹಬ್ಬದ ಬಗ್ಗೆ ಹೇಳುವಾಗ, ಇದೇನು ಎಂದು ಮಕ್ಕಳು ಕೇಳಿದರೆ ಹೀಗೆ ಹೇಳಿರಿ ಎಂದಿದೆ. ಮಕ್ಕಳು ಕೇಳಬೇಕಾದರೆ ಮನೆಯಲ್ಲಿ ಕೇಳುವಂಥದ್ದು ಏನಾದರೂ ನಡೆಯಬೇಕು, ಅಲ್ವಾ?

ನಮ್ಮ ಮನೆಗಳಲ್ಲಿ ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಹೆಚ್ಚಾಗಿ ಚರ್ಚಿನಲ್ಲೇ ಕಳೆಯುತ್ತವೆ. ಇಲ್ಲಿ ಐವತ್ತು ದಿನದ ನೋಂಬು (ವ್ರತ) ಅಡುಗೆಮನೆಯಲ್ಲಿ ನಡೆಯುತ್ತದೆ. ಮೀನಿಲ್ಲದೆ ಊಟವೇ ಇಲ್ಲ ಅನ್ನುವ ಊರಿನಲ್ಲಿ ಮೀನಿನ ಪಾತ್ರೆ ತೊಳೆದು ಮೇಲಿಡುವುದನ್ನು ಮಕ್ಕಳು ನೋಡುತ್ತಾರೆ. ನಾನೂ ಈಗ ಆ ದಿನಗಳಲ್ಲಿ ಮನೆಗೆ ಮಾಂಸ ತರುವುದಿಲ್ಲ. ಅದರಿಂದ ಉಳಿದ ದುಡ್ಡನ್ನು ಮಕ್ಕಳೇ ಡಬ್ಬಿಗೆ ಹಾಕುತ್ತಾರೆ, ಯಾರಿಗೆ ಕೊಡಬೇಕು ಎಂದು ಅವರೇ ಹೇಳುತ್ತಾರೆ. ಇಲ್ಲಿ ಇನ್ನೊಂದು ಹಳೆಯ ಪದ್ಧತಿ ಇದೆ, ಪಿಡಿಯರಿ. ಅನ್ನಕ್ಕೆ ಅಕ್ಕಿ ಅಳೆಯುವಾಗ ತಾಯಿ ಒಂದು ಹಿಡಿ ತೆಗೆದು ಬೇರೆ ಪಾತ್ರೆಯಲ್ಲಿ ಇಡುವುದು. ಚಾವರ ಅವರು ಬಡ ಮಕ್ಕಳ ಮಧ್ಯಾಹ್ನದ ಊಟಕ್ಕೆ ಇದನ್ನು ಬಳಸಿದರು. ಧಾರವಾಡದಲ್ಲಿ ಅಜ್ಜಿಯೂ ಹಿಡಿ ಅಕ್ಕಿ ತೆಗೆದಿಡುತ್ತಿದ್ದರು, ಸುಗ್ಗಿ ಹಬ್ಬಕ್ಕೆ ಹಿತ್ತಲಿನ ಕುಂಬಳಕಾಯಿ ಚರ್ಚಿಗೆ ಒಯ್ಯುತ್ತಿದ್ದರು. ಕ್ರಿಸ್ಮಸ್‌ಗೆ ಕರ್ಜಿಕಾಯಿ, ಚಕ್ಕುಲಿ ತುಂಬಿದ ತಟ್ಟೆ ಓಣಿಯ ಎಲ್ಲ ಮನೆಗಳಿಗೂ ಹೋಗುತ್ತಿತ್ತು, ಒಯ್ಯುವವರು ನಾವು ಮಕ್ಕಳು. ಕೊಡುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಈ ವಿಷಯದಲ್ಲಿ ನಾವು ಇಲ್ಲಿನವರಿಗೆ ಏನೂ ಕಡಿಮೆಯಿಲ್ಲ.

ಈಗ ನನಗೆ ನೋವಾಗುವ ಮಾತಿಗೆ ಬರುತ್ತೇನೆ. ಅಲ್ಲೂ ಇಲ್ಲೂ ಈ ಕೆಲಸವೆಲ್ಲ ತಾಯಿಯ ತಲೆಯ ಮೇಲಿದೆ. ದೀಪ ಹಚ್ಚುವುದು, ಮಕ್ಕಳನ್ನು ಕೂಡಿಸುವುದು, ಸಂಡೇ ಸ್ಕೂಲಿನ ವಚನ ಬಾಯಿಪಾಠ ಮಾಡಿಸುವುದು, ಅಪ್ಪಕ್ಕೆ ಅಕ್ಕಿ ರುಬ್ಬುವುದು ತಾಯಿ. ಕತ್ತರಿಸಿ ಕೊಡುವ ಗೌರವ ಮಾತ್ರ ಗಂಡಸಿಗೆ. ಚಾವರ ಅವರು ಆ ಪತ್ರ ಬರೆದದ್ದು ಒಬ್ಬ ಒಳ್ಳೆಯ ಅಪ್ಪ ತನ್ನ ಮಕ್ಕಳಿಗೆ ಬರೆದಂತೆ. ಮಕ್ಕಳ ಹೊಣೆ ತಂದೆ ತಾಯಿ ಇಬ್ಬರದೂ ಎಂದೇ ಅದರಲ್ಲಿದೆ. ಅದನ್ನು ಸಂತನ ಮಾತು ಎಂದು ಗೌರವಿಸುವ ಅಪ್ಪಂದಿರು ಪ್ರಾರ್ಥನೆಗೆ ಕೊನೆಯಲ್ಲಿ ಬಂದು ಮೊದಲು ಏಳುವುದನ್ನು ನಾನು ನೋಡಿದ್ದೇನೆ. ನಮ್ಮ ಧಾರವಾಡದ ಗಂಡಸರು ಬೇರೆ ಅಂದುಕೊಳ್ಳಬೇಡಿ.

ಇದೇ ಕೊಟ್ಟಾಯಂ ಊರಿನ ಮೇರಿ ರಾಯ್ ಹೆಣ್ಣುಮಕ್ಕಳ ಆಸ್ತಿ ಪಾಲಿಗಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಹೋರಾಡಿದರು. ತಿರುವಾಂಕೂರು ಸಂಸ್ಥಾನದ 1916ರ ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ, ಎರಡರಲ್ಲಿ ಕಡಿಮೆ ಯಾವುದೋ ಅದು. 1986ರಲ್ಲಿ ಸಮಪಾಲಿನ ತೀರ್ಪು ಬಂತು. ಆಸ್ತಿಯ ಮಾತು ಇಲ್ಲೇಕೆ ಎಂದು ಕೇಳಬಹುದು. ಮಕ್ಕಳು ದೇವರ ಬಗ್ಗೆ ಕಲಿಯುವುದು ಪ್ರಾರ್ಥನೆಯ ಚಾಪೆಯ ಮೇಲೆ ಮಾತ್ರ ಅಲ್ಲ. ದೇವರ ಮುಂದೆ ಎಲ್ಲರೂ ಸಮಾನ ಎಂದು ಹೇಳಿಕೊಡುವ ಅಮ್ಮನಿಗೆ ಆ ಮನೆಯಲ್ಲಿ ಎಷ್ಟು ಬೆಲೆ ಇದೆ ಎನ್ನುವುದನ್ನೂ ಮಕ್ಕಳು ನೋಡುತ್ತಿರುತ್ತಾರೆ. ತಾಯ್ತನವನ್ನು ಭಾಷಣದಲ್ಲಿ ಹೊಗಳಿ ಪಾಲಿನಲ್ಲಿ ಕಡಿಮೆ ಮಾಡಿದರೆ, ಮಗು ನಂಬುವುದು ಎರಡನೆಯದನ್ನೇ.

ನಮ್ಮ ಅಜ್ಜಿಯರಿಗೆ ಓದು, ಹೊಲಿಗೆ, ಹಾಡು ಕಲಿಸಿದ ಮಿಷನರಿ ತಾಯಂದಿರ ಪಾಡು ಬೇರೆಯೇ. ಮಲಯಾಳ ನಿಘಂಟು ಮಾಡಿದ ಬಾಸೆಲ್ ಮಿಷನ್‌ನ ಗುಂಡರ್ಟ್ ಅವರ ಹೆಂಡತಿ ಜೂಲಿ ಕೇರಳದಲ್ಲೇ ಹೆಣ್ಣುಮಕ್ಕಳ ಶಾಲೆ ನಡೆಸಿದರು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಅವರ ಮಗಳು ಮರೀ ಚಿಕ್ಕಂದಿನಲ್ಲೇ ಯುರೋಪಿಗೆ ಹೋಗಬೇಕಾಯಿತು. ತಾಯಿಯ ಹತ್ತಿರ ಮರಳಿ ಬಂದದ್ದು 1857ರಲ್ಲಿ. ಬೇರೆಯವರ ಮಕ್ಕಳಿಗೆ ದಿನವೂ ಪ್ರಾರ್ಥನೆ ಕಲಿಸುತ್ತ ತನ್ನ ಮಗಳಿಗೆ ಕಾಗದದಲ್ಲಿ ತಾಯಿಯಾಗಿರುವುದು ಎಂಥ ಕಷ್ಟ! ಮಕ್ಕಳು ಕಣ್ಣೆದುರೇ ಇರುವುದು ದೊಡ್ಡ ಕೊಡುಗೆ ಎಂದು ಅವರನ್ನು ನೆನೆದಾಗಲೆಲ್ಲ ಅನಿಸುತ್ತದೆ.

ಬೈಬಲಿನಲ್ಲಿ ನನಗೆ ತುಂಬಾ ಹತ್ತಿರದವಳು ಪೌಲನ ಶಿಷ್ಯ ತಿಮೊಥೆಯನ ತಾಯಿ ಯೂನಿಕೆ. ಮಗನಲ್ಲಿರುವ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲೂ ಆಮೇಲೆ ಯೂನಿಕೆಯಲ್ಲೂ ಇತ್ತು ಎಂದು ಪೌಲನು ಬರೆಯುತ್ತಾನೆ. ಯೂನಿಕೆ ಯೆಹೂದ್ಯಳು, ಗಂಡ ಗ್ರೀಕನು, ಇದ್ದದ್ದು ಲುಸ್ತ್ರ ಎಂಬ ಊರಿನ ಕಡೆ, ತನ್ನ ಜನರಿಂದ ದೂರ. ಹೊರಗೆ ಬೇರೆ ಮಾತು, ಬೇರೆ ರೀತಿ. ಮನೆಯೊಳಗೆ ಅಜ್ಜಿ, ತಾಯಿ, ಪವಿತ್ರ ಗ್ರಂಥ. ಹೊರನಾಡಿನ ತಾಯಂದಿರ ಕತೆ ಇದೇ ಅಲ್ಲವೇ?

ನಮ್ಮ ಮನೆಯಲ್ಲಿ ಈಗ ಸಂಜೆ ಏಳೂವರೆ ಗಟ್ಟಿ. ಮಂಗಳವಾರ, ಶುಕ್ರವಾರ ನಡೆಸುವುದು ನನ್ನವರು. ನಾನು ಮಕ್ಕಳ ಜೊತೆ ಸುಮ್ಮನೆ ಕೂರುತ್ತೇನೆ. ಆ ಎರಡು ದಿನ ಮಗ ಹೆಚ್ಚು ಪ್ರಶ್ನೆ ಕೇಳುತ್ತಾನೆ, ಯಾಕೋ ಗೊತ್ತಿಲ್ಲ. ಭಾನುವಾರ ಧಾರವಾಡದಿಂದ ಅಮ್ಮ ಫೋನಿನಲ್ಲಿ ಸೇರುತ್ತಾರೆ, ಓದುವ ಸರದಿ ಅವರಿಂದಲೇ ಶುರು.

ಇತ್ತೀಚೆಗೆ ಮಗ ತನ್ನ ಪ್ರಾರ್ಥನೆಯನ್ನು ಮಲಯಾಳದಲ್ಲಿ ಹೇಳಲು ಶುರು ಮಾಡಿದ್ದಾನೆ. ಕನ್ನಡದಲ್ಲಿ ಎರಡು ಸಾಲಿಗೆ ಮುಗಿಸುತ್ತಿದ್ದವನು ಮಲಯಾಳದಲ್ಲಿ ಶಾಲೆಯ ಜಗಳ, ಹೆದರಿಕೆ, ಗೆಳೆಯನ ಅಪ್ಪನ ಕಾಯಿಲೆ ಎಲ್ಲವನ್ನೂ ಹೇಳುತ್ತಾನೆ. ಅಮ್ಮನಿಗೆ ಇದು ಹಿಡಿಸಲಿಲ್ಲ. ಮನೆಯಲ್ಲೂ ಕನ್ನಡ ಹೋದರೆ ಹೇಗೆ ಎಂದರು. ನಾನು ಮಗನ ಕಡೆ ನಿಂತೆ. ಮಗು ತನ್ನ ಮಾತಿನಲ್ಲೇ ದೇವರ ಹತ್ತಿರ ಮಾತಾಡಲಿ ಎನ್ನುವುದನ್ನು ನನಗೆ ಕಲಿಸಿದ್ದೇ ಅಮ್ಮ. ಓದು ಮಾತ್ರ ಕನ್ನಡದಲ್ಲೇ ಇರಬೇಕು ಎಂದು ಅವರು ಷರತ್ತು ಹಾಕಿದ್ದಾರೆ. ಮಗ ಒಪ್ಪಿದ್ದಾನೆ.