ಮೂರು ವರ್ಷ ಸಾಕಲ್ವಾ?

ತಾವು ಓದದ ವಿಷಯ ಕಲಿಸುವ ಟೀಚರ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಅಂಥವರ ಪರ್ಮಿಟ್ ನವೀಕರಣಕ್ಕೆ ಮಿತಿಯೇ ಬೇಡ ಅನ್ನುವ ಲೇಖಕರ ವಾದ ನನಗೆ ಒಪ್ಪಿಗೆಯಿಲ್ಲ. ನಾವಿರುವ ಕ್ಯಾಲಿಫೋರ್ನಿಯಾದಲ್ಲಿ ಲಿಮಿಟೆಡ್ ಅಸೈನ್‌ಮೆಂಟ್ ಪರ್ಮಿಟ್ ಅಂತ ಇದೆ, ಅಂದರೆ ಟೀಚರ್ ತಮ್ಮದಲ್ಲದ ವಿಷಯ ಕಲಿಸಲು ಕೊಡುವ ತಾತ್ಕಾಲಿಕ ಅನುಮತಿ. ಒಂದು ಸಲಕ್ಕೆ ಒಂದು ವರ್ಷ. ಒಂದು ವಿಷಯಕ್ಕೆ ಒಟ್ಟು 3 ವರ್ಷ, ಅಷ್ಟೇ. ಅದೂ ಸುಮ್ನೆ ಸಿಗುವುದಿಲ್ಲ, ಆ ವಿಷಯದಲ್ಲಿ ಓದು ಮುಂದುವರಿಸಿದ್ದನ್ನು ತೋರಿಸಬೇಕು. ನನ್ನ ಮಗಳಿಗೆ ಒಂದು ವರ್ಷ ಗಣಿತ ಹೇಳಿಕೊಟ್ಟಿದ್ದು ಇತಿಹಾಸದ ಟೀಚರ್. ಪಾಪ, ಹಿಂದಿನ ರಾತ್ರಿ ತಾವು ಕಲಿತು ಬೆಳಿಗ್ಗೆ ಕಲಿಸುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರು ಗಣಿತದ ಟೀಚರ್ ಅಲ್ಲ ಅನ್ನುವುದು ನಮಗೆ ಗೊತ್ತಾಗಿದ್ದೇ ತರಗತಿ ಶುರುವಾಗಿ ತಿಂಗಳುಗಳಾದ ಮೇಲೆ, ಡಿಸೆಂಬರ್‌ನಲ್ಲಿ! ಫ್ಲೋರಿಡಾ ಕಾನೂನಿನಲ್ಲಿ ಇಂಥ ಟೀಚರ್ ಬಂದರೆ ಪೋಷಕರಿಗೆ ಬರವಣಿಗೆಯಲ್ಲಿ ತಿಳಿಸಲೇಬೇಕು. ಲೇಖನದಲ್ಲಿ ಅದರ ಮಾತೇ ಇಲ್ಲವಲ್ಲ?