ರಶ್ಡನ್ ಕ್ಲಬ್ ಮುಚ್ಚಿದ್ದು ಸೋತಿದ್ದಕ್ಕಲ್ಲ

ಹಾಲಿವುಡ್ ನಟರು ಕೊಂಡ ವೇಲ್ಸ್ ಫುಟ್‌ಬಾಲ್ ಕ್ಲಬ್ ರೆಕ್ಸಮ್ ಸುದ್ದಿ ಬಂದಾಗೆಲ್ಲ ಒಂದು ಫಾರ್ವರ್ಡ್ ಓಡಾಡುತ್ತೆ, "ಸಣ್ಣ ಕ್ಲಬ್ ದುಡ್ಡು ಸುರಿದ್ರೆ ಮೇಲೆ ಬಂದೇ ಬರುತ್ತೆ, ರಶ್ಡನ್ ಆಂಡ್ ಡೈಮಂಡ್ಸ್ ಸರಿಯಾಗಿ ಆಡದೆ ಸೋತು ಮುಚ್ಚಿತು" ಅಂತ. ತಪ್ಪು ಮಾಹಿತಿ ಇದು.

1992ರಲ್ಲಿ ಇಂಗ್ಲೆಂಡಿನ ಎರಡು ಊರಿನ ಕ್ಲಬ್ ಸೇರಿಸಿ ರಶ್ಡನ್ ಆಂಡ್ ಡೈಮಂಡ್ಸ್ ಕಟ್ಟಿದ್ದು ಡಾಕ್ಟರ್ ಮಾರ್ಟೆನ್ಸ್ ಶೂ ಕಂಪನಿಯ ಮ್ಯಾಕ್ಸ್ ಗ್ರಿಗ್ಸ್, ದುಡ್ಡು ಅವರದ್ದೇ, ಅದರಲ್ಲೇ ನೀನ್ ಪಾರ್ಕ್ ಅಂತ ದೊಡ್ಡ ಸ್ಟೇಡಿಯಂ ಎದ್ದು ನಿಂತಿತು, 2001ರಲ್ಲಿ ಫುಟ್‌ಬಾಲ್ ಲೀಗಿಗೆ (ಪ್ರೀಮಿಯರ್ ಲೀಗ್ ಕೆಳಗಿನ ಮೂರು ಹಂತಕ್ಕೆ) ಬಂದ್ರು, 2003ರಲ್ಲಿ ಅದರ ಕೊನೇ ಹಂತವಾದ ಥರ್ಡ್ ಡಿವಿಷನ್ ಚಾಂಪಿಯನ್ಸೂ ಆದ್ರು. ಅಂದ್ರೆ ಆಟ ಚೆನ್ನಾಗೇ ಇತ್ತು! ಆದ್ರೆ ಅಷ್ಟೊತ್ತಿಗೆ ಶೂ ಬಿಸಿನೆಸ್ಸೇ ಕುಸಿದಿತ್ತು, 2005ರಲ್ಲಿ ಗ್ರಿಗ್ಸ್ ಕ್ಲಬ್ಬನ್ನ ಫ್ಯಾನ್ಸ್ ಟ್ರಸ್ಟಿಗೆ ಕೊಟ್ಟು ಹೊರಟ್ರು, ಅಷ್ಟು ದೊಡ್ಡ ಸ್ಟೇಡಿಯಂ ಖರ್ಚು ಟಿಕೆಟ್ ದುಡ್ಡಲ್ಲಿ ಎಲ್ಲಿ ಹುಟ್ಟುತ್ತೆ ಹೇಳಿ.

2006ರಲ್ಲಿ ಮತ್ತೆ ಫುಟ್‌ಬಾಲ್ ಲೀಗಿನ ಕೆಳಗಿರೋ ನಾನ್-ಲೀಗ್‌ಗೆ ಇಳಿದಿದ್ದು ನಿಜ. ಆದ್ರೆ 2010ರಲ್ಲಿ ಮತ್ತೆ ಮೇಲೆ ಹೋಗೋಕೆ ಪ್ಲೇಆಫ್ ಆಡಿದ ಟೀಮ್ ಕಣ್ರೀ ಅದು, ಅದರ ಮುಂದಿನ ವರ್ಷನೇ, 2011ರಲ್ಲಿ, ಸಾಲದ ಕಾರಣಕ್ಕೆ ಅವರು ಆಡ್ತಿದ್ದ ನಾನ್-ಲೀಗ್ ಟೂರ್ನಿ ಕಾನ್ಫರೆನ್ಸ್‌ನವರು ಹೊರಗೆ ಹಾಕಿದ್ರು, ಕ್ಲಬ್ಬೂ ಮುಚ್ಚಿತು. ಫ್ಯಾನ್ಸ್ ಸೇರಿ ಎಎಫ್‌ಸಿ ರಶ್ಡನ್ ಆಂಡ್ ಡೈಮಂಡ್ಸ್ ಅಂತ ಹೊಸದಾಗಿ ಶುರು ಮಾಡಿದ್ರು, ನೀನ್ ಪಾರ್ಕನ್ನ 2017ರಲ್ಲಿ ಕೆಡವಿದ್ರು.

ಅಂದಹಾಗೆ ರೆಕ್ಸಮ್ ಕೂಡ ನಾನ್-ಲೀಗಿಂದ ಮೇಲೆ ಬಂದ 2022-23ರಲ್ಲಿ ಲಾಸಲ್ಲೇ ಇತ್ತು, ಓನರ್ಸ್ ದುಡ್ಡು ಹಾಕ್ತಾ ಇದ್ರು ಅಷ್ಟೇ.